ಮಣ್ಣು ಕೂರುವ ತನಕ

(ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ರಸ್ತೆ ಕೆಲಸದವರು ಮತ್ತು ಸುತ್ತಮುತ್ತಲ ರೈತರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಎರಡು ಮಣ್ಣಿನ ಉಂಡೆಗಳನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ಕಳಿಸುತ್ತಿದ್ದೇನೆ. ಕೈ ಮೆತ್ತಿಕೊಂಡರೆ ಹೊರಗೆ ನಲ್ಲಿ ಇದೆ, ತೊಳೆದುಕೊಳ್ಳಬಹುದು. ಕೆಂಪಗಿರುವುದು ಸಕಲೇಶಪುರದ ದಾರಿಯಲ್ಲಿ ಗುಡ್ಡ ಕಡಿದ ಜಾಗದ್ದು. ಬೂದು ಬಣ್ಣದ್ದು ಅದೇ ಗುಡ್ಡದ ಬುಡದಲ್ಲಿರುವ ಗದ್ದೆಬಯಲಿನದು, ಎರಡು ಮೀಟರ್ ಆಳದಿಂದ ತೆಗೆದದ್ದು. ಎರಡನ್ನೂ ಮುಷ್ಟಿಯಲ್ಲಿ ಹಿಡಿದು ಹಿಸುಕಿ ನೋಡಿ. ಕೆಂಪು ಮಣ್ಣಿಗೆ ಹೆಬ್ಬೆರಳು ಒತ್ತಿದರೆ ಸಣ್ಣ ಗುರುತು ಬೀಳುತ್ತದೆ, ಅಷ್ಟೇ. ಬೂದು ಮಣ್ಣು ಬೆರಳ ಸಂದಿಯಿಂದ ಹೊರಗೆ ಬರುತ್ತದೆ.

ನಮ್ಮ ಕೆಲಸದಲ್ಲಿ ಇದು ನಿಜವಾದ ಪರೀಕ್ಷೆ. ಬೆರಳ ಸಂದಿಯಿಂದ ಜಾರಿ ಬಂದರೆ ಅದು ತೀರಾ ಮೆತ್ತನೆ ಜೇಡಿ. ಹಗುರವಾಗಿ ಒತ್ತಿದರೆ ಆಕಾರ ಬದಲಾದರೆ ಮೆತ್ತನೆಯದು. ಬಲ ಹಾಕಿ ಒತ್ತಬೇಕಾದರೆ ಸ್ವಲ್ಪ ಗಟ್ಟಿ. ಲ್ಯಾಬಿಗೆ ಮಣ್ಣು ಕಳಿಸಿ ವರದಿ ಬರುವ ಮೊದಲೇ ನಿಮ್ಮ ಕೈಗೆ ಅರ್ಧ ಉತ್ತರ ಸಿಕ್ಕಿರುತ್ತದೆ. ವಿದ್ಯಾರ್ಥಿಗಳು ಇದನ್ನು ಇವತ್ತೇ ರೂಢಿ ಮಾಡಿಕೊಳ್ಳಿ.

ಈಗ ಈ ಬೂದು ಮಣ್ಣಿನ ಮೇಲೆ ಆರು ಮೀಟರ್ ಎತ್ತರದ ಹೆದ್ದಾರಿ ಏರಿ ಕಟ್ಟಬೇಕು ಅಂದುಕೊಳ್ಳಿ. ಹೇಗೆ ಕಟ್ಟುತ್ತೀರಿ? ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ನಮ್ಮ ಕಡೆ ಮೆತ್ತನೆ ನೆಲ ಎಲ್ಲಿದೆ ಅಂತ ಕೇಳಿದರೆ ತುಂಬ ಜನ ಮಂಗಳೂರಿನ ಕಡೆ ಕೈ ತೋರಿಸುತ್ತಾರೆ. ಸಮುದ್ರದ ಅಂಚಿನ ಜೇಡಿ ಅಲ್ಲಿದೆ, ನಿಜ. ಆದರೆ ಹಾಸನ, ಬೇಲೂರು, ಮೂಡಿಗೆರೆ, ಸಕಲೇಶಪುರದ ನೆಲ ನೋಡಿ. ಎರಡು ಗುಡ್ಡ, ನಡುವೆ ಒಂದು ಬಯಲು. ಗುಡ್ಡದ ಮೇಲೆ ಕಾಫಿ, ಬಯಲಲ್ಲಿ ಗದ್ದೆ. ಸಾವಿರಾರು ವರ್ಷದಿಂದ ಗುಡ್ಡದ ನುಣ್ಣನೆ ಮಣ್ಣು ತೊಳೆದು ಬಂದು ಆ ಬಯಲಲ್ಲೇ ಕೂತಿದೆ. ವರ್ಷದಲ್ಲಿ ಎಷ್ಟೋ ತಿಂಗಳು ನೀರಲ್ಲೇ ಇರುತ್ತದೆ. ಇನ್ನು ಅರಸೀಕೆರೆ, ಕಡೂರಿನ ಕಡೆ ಹೋದರೆ ಹೂಳು ತುಂಬಿದ ಕೆರೆಯಂಗಳಗಳು. ಹಳೆ ರಸ್ತೆ ಇವುಗಳನ್ನೆಲ್ಲ ಸುತ್ತು ಹಾಕಿ ಹೋಗುತ್ತಿತ್ತು. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ರಂಥ ನಾಲ್ಕು ಪಥದ ರಸ್ತೆಗೆ ಹಾಗೆ ತಿರುವು ತಗೊಳ್ಳಲು ಆಗುವುದಿಲ್ಲ. ಅದು ನೇರವಾಗಿ ಹೋಗಬೇಕು. ಹಾಗಾಗಿ ಗುಡ್ಡ ಕಡಿಯುತ್ತೇವೆ, ಬಯಲು ತುಂಬುತ್ತೇವೆ.

ಬಯಲು ಮೋಸ ಮಾಡುವುದು ಬೇಸಿಗೆಯಲ್ಲಿ. ಏಪ್ರಿಲ್‌ನಲ್ಲಿ ಗದ್ದೆ ಒಣಗಿ ಬಿರುಕು ಬಿಟ್ಟಿರುತ್ತದೆ. ಟಿಪ್ಪರ್ ಓಡಿಸಿದರೂ ಏನೂ ಆಗುವುದಿಲ್ಲ. ರೈತರಿಗೆ ಇದು ಗೊತ್ತು: ವರ್ಷ ವರ್ಷ ಕೆಸರು ಉತ್ತು ಉತ್ತು ಒಂದು ಗೇಣು ಕೆಳಗೆ ಗಟ್ಟಿ ಪದರ ಆಗಿರುತ್ತದೆ. ಎತ್ತು ನಿಲ್ಲುವುದು ಅದರ ಮೇಲೆ. ನೀರು ನಿಲ್ಲುವುದೂ ಅದರ ಮೇಲೆ. ಬೇಸಿಗೆಯ ಒಣ ಸಿಪ್ಪೆ, ಅದರ ಕೆಳಗೆ ಈ ಪದರ, ಎರಡೂ ಸೇರಿ ಒಂದು ಮೀಟರ್ ಕೂಡ ಇರುವುದಿಲ್ಲ. ಅದರ ಕೆಳಗೆ ನಿಮ್ಮ ಕೈಯಲ್ಲಿರುವ ಬೂದು ಮಣ್ಣು. ಅಂಥ ಕಡೆ ಎಸ್‌ಪಿಟಿ, ಅಂದರೆ ನೆಲಕ್ಕೆ ರಾಡು ಹೊಡೆದು ಗಟ್ಟಿತನ ನೋಡುವ ಪರೀಕ್ಷೆ, ಮಾಡುವಾಗ ನೀವು ನಿಂತು ನೋಡಬೇಕು. 63.5 ಕೆಜಿ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಟ್ಟು, 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕು ಅಂತ ಎಣಿಸುತ್ತೇವೆ. ತೀರಾ ಮೆತ್ತನೆ ಜೇಡಿಯಲ್ಲಿ ಎಣಿಸುವುದಕ್ಕೇ ಏನೂ ಇರುವುದಿಲ್ಲ. ಸುತ್ತಿಗೆ ಎತ್ತುವ ಮೊದಲೇ ರಾಡು ತನ್ನ ಭಾರಕ್ಕೆ ತಾನೇ ಇಳಿದುಬಿಡುತ್ತದೆ.

ಭಾರದ ಲೆಕ್ಕ ಸುಲಭ. ರೋಲರ್ ಹಾಕಿ ಗಟ್ಟಿ ಮಾಡಿದ ಮಣ್ಣು ಒಂದು ಮೀಟರ್ ಎತ್ತರಕ್ಕೆ, ಒಂದು ಚದರ ಮೀಟರಿಗೆ, ಸುಮಾರು 2 ಟನ್ ತೂಗುತ್ತದೆ. ಆರು ಮೀಟರ್ ಅಂದರೆ 12 ಟನ್. ರಸ್ತೆ ಮೇಲೆ ಓಡುವ ಲಾರಿಗಳ ಭಾರವನ್ನು ನಾವು ಹೆಚ್ಚೂಕಮ್ಮಿ 1.2 ಮೀಟರ್ ಮಣ್ಣಿಗೆ ಸಮ ಅಂತ ಹಿಡಿಯುತ್ತೇವೆ. ನೋಡಿ, ಲಾರಿಗಿಂತ ಏರಿಯ ಭಾರವೇ ಎಷ್ಟೋ ಪಟ್ಟು ಜಾಸ್ತಿ. 'ಲಾರಿ ಓಡಾಡಿ ರಸ್ತೆ ಕುಸಿಯಿತು' ಅನ್ನುವ ಮಾತು ಇಂಥ ಕಡೆ ಸರಿಯಲ್ಲ. ರಸ್ತೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ.

ಈ ಬೂದು ಮಣ್ಣಿನ ಬಲ ಚದರ ಮೀಟರಿಗೆ ಸುಮಾರು 1 ಟನ್ ಅಂದುಕೊಳ್ಳೋಣ. ಅಂಥ ಮಣ್ಣು ಮೇಲಿನಿಂದ ತನ್ನ ಬಲದ ಐದು ಪಟ್ಟು ಭಾರ ತಾಳುತ್ತದೆ, ಅಂದರೆ 5 ಟನ್. ಎರಡೂವರೆ ಮೀಟರ್ ಮಣ್ಣು ಹಾಕಿದರೆ ಮುಗಿಯಿತು. ಸುರಕ್ಷತೆಗೆ ಅಂತ ಸ್ವಲ್ಪ ಕಡಿಮೆ ಹಿಡಿದರೆ ಎರಡು ಮೀಟರ್. ನಮಗೆ ಬೇಕಿರುವುದು ಆರು!

ಹಾಗಾದರೆ ಆಗುವುದೇ ಇಲ್ವಾ? ಆಗುತ್ತದೆ. ಈ ಮಣ್ಣಿನ ಬಲ ಹುಟ್ಟಿನಿಂದ ಬಂದದ್ದಲ್ಲ. ಮೇಲೆ ಭಾರ ಬಿದ್ದ ಹಾಗೆ ಅದು ಗಟ್ಟಿಯಾಗುತ್ತದೆ. ಒಂದೇ ಒಂದು ಷರತ್ತು, ಒಳಗಿನ ನೀರು ಹೊರಗೆ ಹೋಗಬೇಕು.

ಮನೆಯಲ್ಲಿ ಶ್ರೀಖಂಡ ಮಾಡುವಾಗ ಮೊಸರನ್ನು ಬಟ್ಟೆಯಲ್ಲಿ ಕಟ್ಟುತ್ತೀರಿ. ಕೆಲವರು ಗಂಟಿನ ಮೇಲೆ ಗುಂಡುಕಲ್ಲು ಇಡುತ್ತಾರೆ. ಇಟ್ಟ ಕ್ಷಣ ಮೊಸರು ಗಟ್ಟಿ ಆಗಿರುವುದಿಲ್ಲ. ಕಲ್ಲಿನ ಭಾರವನ್ನು ಮೊದಲು ಹೊರುವುದು ಒಳಗಿನ ನೀರು. ತೊಟ್ಟು ತೊಟ್ಟಾಗಿ ನೀರು ಇಳಿದ ಮೇಲೆ ಭಾರ ನಿಧಾನಕ್ಕೆ ಮೊಸರಿಗೆ ದಾಟುತ್ತದೆ. ಗಂಟು ಚಿಕ್ಕದಾಗುತ್ತದೆ, ಗಟ್ಟಿಯಾಗುತ್ತದೆ. ಅವಸರ ಮಾಡಿ ಮೊದಲೇ ಜೋರಾಗಿ ಅದುಮಿದರೆ ಮೊಸರೇ ಬಟ್ಟೆಯ ಪಕ್ಕದಿಂದ ಉಕ್ಕಿ ಬರುತ್ತದೆ. ಗದ್ದೆ ಮಣ್ಣು ಕೂಡ ಹೀಗೇ. ಇದನ್ನು ಲೆಕ್ಕಕ್ಕೆ ತಂದವರು ಆಸ್ಟ್ರಿಯಾದ ಎಂಜಿನಿಯರ್ ಕಾರ್ಲ್ ಟೆರ್ಝಾಗಿ. ಇಸ್ತಾಂಬುಲಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ, ಸಿಗಾರ್ ಡಬ್ಬಿಯಂಥ ಕೈಗೆ ಸಿಕ್ಕ ಸಾಮಾನು ಜೋಡಿಸಿ ಪ್ರಯೋಗ ಮಾಡಿದರು. 1925 ರಲ್ಲಿ ಅದು ಪುಸ್ತಕವಾಗಿ ಬಂತು. ಇವತ್ತಿಗೂ ನಾವು ಕೂಡಿಸಿ ಕಳೆಯುವುದು ಅವರ ಲೆಕ್ಕದಲ್ಲೇ.

ಆ ಲೆಕ್ಕದಲ್ಲಿ ನಿಮ್ಮ ಮನಸ್ಸಲ್ಲಿ ಉಳಿಯಬೇಕಾದ ಒಂದು ಮಾತಿದೆ. ನೀರು ಹೊರಗೆ ಬರಲು ಸಾಗುವ ದೂರ ಎರಡು ಪಟ್ಟಾದರೆ ಬೇಕಾಗುವ ಕಾಲ ನಾಲ್ಕು ಪಟ್ಟಾಗುತ್ತದೆ. ಆರು ಮೀಟರ್ ದಪ್ಪದ ಜೇಡಿ ಇದೆ, ಮೇಲೂ ಕೆಳಗೂ ಮರಳು ಇದೆ ಅಂದುಕೊಳ್ಳಿ. ನೀರು ಎರಡೂ ಕಡೆ ಹೋಗಬಹುದು, ಜಾಸ್ತಿ ಅಂದರೆ ಮೂರು ಮೀಟರ್ ಸಾಗಬೇಕು. ಸಾಧಾರಣ ಜೇಡಿಯಲ್ಲಿ ಇದಕ್ಕೆ ಏಳೆಂಟು ವರ್ಷ ಹಿಡಿಯಬಹುದು. ಕೆಳಗೆ ಮರಳಿನ ಬದಲು ನೀರು ಬಿಡದ ಬಂಡೆ ಇದ್ದರೆ? ದೂರ ಆರು ಮೀಟರ್. ಮೂವತ್ತು ವರ್ಷ. ಗುತ್ತಿಗೆಯ ಅವಧಿ ಎರಡೂವರೆ, ಮೂರು ವರ್ಷ. ಜಗಳ ಇರುವುದು ಇಲ್ಲಿ.

ಒಂದು ಘಟನೆ ಹೇಳುತ್ತೇನೆ. ಊರಿನ ಹೆಸರು, ಕೆಲಸ ಮಾಡಿದವರ ಹೆಸರು ಬೇಡ. ಆ ಕೆಲಸದಲ್ಲಿ ನಾನೂ ಇದ್ದೆ, ತಪ್ಪಿನಲ್ಲಿ ನನ್ನ ಪಾಲೂ ಇದೆ. ಗುಡ್ಡದಿಂದ ಗುಡ್ಡಕ್ಕೆ ಒಂದು ಗದ್ದೆಬಯಲು ದಾಟಬೇಕಿತ್ತು. ನಾಲ್ಕು ಮೀಟರ್ ಏರಿ. ಮಣ್ಣು ಪರೀಕ್ಷೆಗೆ ಬೋರ್ ಹಾಕಿದ್ದು ಎರಡು ಕಡೆ, ಎರಡೂ ಬಯಲಿನ ಅಂಚಲ್ಲಿ. ಗಾಡಿ ಹೋಗಲು ಅಲ್ಲಿ ಸುಲಭ ಇತ್ತು, ಅದಕ್ಕೆ. ನಡುವಿನ ಗದ್ದೆಯ ಯಜಮಾನರು, ಎಪ್ಪತ್ತು ದಾಟಿದ ಗೌಡರು, ಮೊದಲ ದಿನವೇ ಬಂದು ಹೇಳಿದರು: 'ಸಾರ್, ಇದು ಹುದುಲು. ನಮ್ಮಪ್ಪನ ಕಾಲದಲ್ಲಿ ಇಲ್ಲಿ ಜೋಡೆತ್ತು ಹೂತ್ಕಂಡು, ಹಗ್ಗ ಹಾಕಿ ಎಳೆದಿದ್ರು.' ನಾವು ಕೇಳಿಸಿಕೊಂಡೆವು. ಬರೆದುಕೊಳ್ಳಲಿಲ್ಲ.

ಎರಡು ಮೀಟರ್ ತನಕ ಏನೂ ತೊಂದರೆ ಆಗಲಿಲ್ಲ. ಮೇ ಕೊನೆಗೆ ಮಳೆಗೆ ಮೊದಲು ಮುಗಿಸಬೇಕು ಅಂತ ಅವಸರ ಬಿತ್ತು. ಮೂರನೇ ಮೀಟರನ್ನು ಐದೇ ದಿನದಲ್ಲಿ ಏರಿಸಿದೆವು. ಆರನೇ ದಿನ ಬೆಳಿಗ್ಗೆ ಗೌಡರ ಫೋನು. 'ಸಾರ್, ನಮ್ಮ ಬದ ಯಾಕೋ ಮೇಲಕ್ಕೆ ಎದ್ದೈತೆ. ಒಸಿ ಬಂದು ನೋಡಿ.'

ಹೋಗಿ ನೋಡಿದರೆ ಏರಿಯ ಬುಡದಿಂದ ನಾಲ್ಕೈದು ಮೀಟರ್ ಆಚೆ ಗದ್ದೆಯ ಬದ ಒಂದು ಗೇಣು ಎದ್ದಿತ್ತು. ಬದದ ಹುಲ್ಲು ಹಾಗೇ ಹಸಿರಾಗಿತ್ತು, ಯಾರೂ ಮಣ್ಣು ಹಾಕಿರಲಿಲ್ಲ. ಮೂಲೆಯಲ್ಲಿ ನಿಂತಿದ್ದ ನೀರು ಇನ್ನೊಂದು ಮೂಲೆಗೆ ಸರಿದಿತ್ತು. ಏರಿಯ ಮೇಲೆ ಹತ್ತಿದೆ. ಅಂಚಿನಿಂದ ಸ್ವಲ್ಪ ಒಳಗೆ, ರಸ್ತೆಯ ಉದ್ದಕ್ಕೆ, ಬೆರಳು ಹೋಗುವಷ್ಟು ಬಿರುಕು. ಅದರೊಳಗೆ ಒಂದು ಕಡ್ಡಿ ಇಳಿಸಿದೆ. ಮೊಳದುದ್ದದ ಕಡ್ಡಿ ಪೂರ್ತಿ ಒಳಗೆ ಹೋಯಿತು.

ಬೇರೆ ಲಕ್ಷಣ ಏನೂ ಬೇಡ. ಏರಿ ಕೆಳಗಿಳಿಯುತ್ತಿದೆ, ಗದ್ದೆ ಮೇಲೇಳುತ್ತಿದೆ. ಅಡಿಯಲ್ಲಿ ಮಣ್ಣು ದೊಡ್ಡ ಬಟ್ಟಲಿನ ಆಕಾರದಲ್ಲಿ ತಿರುಗುತ್ತಿದೆ. ಮೊಸರು ಬಟ್ಟೆಯಿಂದ ಉಕ್ಕುತ್ತಿದೆ, ಅಷ್ಟೇ. ಇಂಥ ಹೊತ್ತಲ್ಲಿ ಬಿರುಕು ಮುಚ್ಚಲು ಮೇಲೆ ಇನ್ನಷ್ಟು ಮಣ್ಣು ಸುರಿಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ದಯವಿಟ್ಟು ಅದನ್ನು ಮಾಡಬೇಡಿ. ನಾವು ಅವತ್ತೇ ಹಿಟಾಚಿ ತರಿಸಿ ಮೇಲಿನ ಒಂದು ಮೀಟರ್ ತೆಗೆದೆವು. ತೆಗೆದ ಮಣ್ಣನ್ನು ಎದ್ದಿದ್ದ ಜಾಗದ ಮೇಲೆ, ಏರಿಯ ಬುಡಕ್ಕೆ ಅಗಲವಾಗಿ ಹರಡಿದೆವು. ಇದಕ್ಕೆ ಬರ್ಮ್ ಅನ್ನುತ್ತಾರೆ. ತಕ್ಕಡಿಯ ಆ ಕಡೆ ಭಾರ ಇಟ್ಟ ಹಾಗೆ ಅದು. ಆಮೇಲೆ ಕಾದೆವು. ಆ ಕಾಯುವಿಕೆಯ ಮಾತಿಗೆ ಆಮೇಲೆ ಬರುತ್ತೇನೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಇಂಥ ಸಭೆಗಳಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: 'ನಮ್ಮ ಹಿರಿಯರು ಕಟ್ಟಿದ ಕೆರೆ ಏರಿಗಳು ನೂರಾರು ವರ್ಷದಿಂದ ನಿಂತಿವೆ. ನಿಮ್ಮ ರಸ್ತೆ ಏರಿ ಮೂರೇ ವರ್ಷಕ್ಕೆ ಯಾಕೆ ಕುಸಿಯುತ್ತೆ?' ನ್ಯಾಯವಾದ ಪ್ರಶ್ನೆ. ಹಳೇಬೀಡಿನಲ್ಲಿ ದೇವಸ್ಥಾನ ನೋಡಿ ಹಾಗೇ ಬರಬೇಡಿ, ದೋರಸಮುದ್ರ ಕೆರೆಯ ಏರಿಯ ಮೇಲೂ ಒಮ್ಮೆ ನಡೆಯಿರಿ. ನನಗೆ ತೋಚುವ ಉತ್ತರ ಇದು. ಅವರ ಹತ್ತಿರ ಟಿಪ್ಪರ್ ಇರಲಿಲ್ಲ. ಬುಟ್ಟಿಯಲ್ಲಿ ಮಣ್ಣು ಹೊತ್ತು, ದನ ಓಡಾಡಿಸಿ ತುಳಿಸಿ, ಪದರ ಪದರವಾಗಿ ಏರಿಸಬೇಕಿತ್ತು. ಅಷ್ಟು ನಿಧಾನಕ್ಕೆ ಏರಿದರೆ ಅಡಿ ಮಣ್ಣಿನ ನೀರು ಇಳಿಯಲು ತಾನಾಗಿಯೇ ಸಮಯ ಸಿಗುತ್ತದೆ. ಇಳಿಜಾರನ್ನೂ ಅಗಲವಾಗಿ ಬಿಡುತ್ತಿದ್ದರು. ಇದರ ಜೊತೆ ಇನ್ನೊಂದು ಮಾತನ್ನೂ ಹೇಳಬೇಕು. ನಿಂತ ಏರಿಗಳು ಮಾತ್ರ ಇವತ್ತು ನಮ್ಮ ಕಣ್ಣಿಗೆ ಬೀಳುತ್ತವೆ. ಒಡೆದು ಹೋದ ಕೆರೆಗಳ ಜಾಗದಲ್ಲಿ ಈಗ ಹೊಲ ಇದೆ.

ಹಾಗಾದರೆ ನಾವೂ ಇಪ್ಪತ್ತು ವರ್ಷ ಕಾಯೋಣ್ವಾ? ಅದು ಆಗದ ಮಾತು. ಆದರೆ ನೀರು ಸಾಗುವ ದಾರಿಯನ್ನು ಚಿಕ್ಕದು ಮಾಡಬಹುದು. ಈ ಪಟ್ಟಿ ನೋಡಿ. ನಾಲ್ಕು ಇಂಚು ಅಗಲ, ಬೆಲ್ಟಿನಷ್ಟು ದಪ್ಪ. ಒಳಗೆ ಸಾಲು ಸಾಲು ಕಾಲುವೆ ಇರುವ ಪ್ಲಾಸ್ಟಿಕ್, ಹೊರಗೆ ಬಟ್ಟೆ. ನೀರನ್ನು ಬಿಡುತ್ತದೆ, ಮಣ್ಣನ್ನು ತಡೆಯುತ್ತದೆ. ಇದನ್ನು ಪಿವಿಡಿ ಅನ್ನುತ್ತೇವೆ. ಯಂತ್ರದಲ್ಲಿ ಕಬ್ಬಿಣದ ಕೊಳವೆಯೊಳಗೆ ಇದನ್ನಿಟ್ಟು ನೆಲಕ್ಕೆ ಇಳಿಸಿ, ಪಟ್ಟಿಯನ್ನು ಅಲ್ಲೇ ಬಿಟ್ಟು ಕೊಳವೆ ವಾಪಸ್ ಎಳೆಯುತ್ತಾರೆ. ಒಂದರಿಂದ ಒಂದೂವರೆ ಮೀಟರಿಗೆ ಒಂದರಂತೆ ಇಡೀ ಬಯಲಿಗೆ ನೆಡುತ್ತಾರೆ, ಗದ್ದೆ ನಾಟಿ ಮಾಡಿದ ಹಾಗೆ. ಮೇಲೆ ಒಂದರಿಂದ ಒಂದೂವರೆ ಅಡಿ ಮರಳು ಹಾಸುತ್ತಾರೆ. ಈಗ ನೀರು ಮೂರು ಮೀಟರ್ ಮೇಲಕ್ಕೆ ಸಾಗಬೇಕಿಲ್ಲ. ಅರ್ಧ, ಮುಕ್ಕಾಲು ಮೀಟರ್ ಪಕ್ಕಕ್ಕೆ ಹೋದರೆ ಪಟ್ಟಿ ಸಿಗುತ್ತದೆ. ಅಲ್ಲಿಂದ ಮೇಲೇರಿ ಮರಳಿಗೆ ಬಂದು ಚರಂಡಿಗೆ ಹೋಗುತ್ತದೆ. ಏಳೆಂಟು ವರ್ಷದ ಕೆಲಸ ಒಂದು ವರ್ಷದ ಆಸುಪಾಸಿಗೆ ಇಳಿಯುತ್ತದೆ. ಜೊತೆಗೆ ಬೇಕಾದ ಎತ್ತರಕ್ಕಿಂತ ಒಂದು, ಒಂದೂವರೆ ಮೀಟರ್ ಜಾಸ್ತಿ ಮಣ್ಣು ಹೇರಿಟ್ಟು, ಕೂತ ಮೇಲೆ ಅದನ್ನು ತೆಗೆದರೆ ಇನ್ನೂ ಒಳ್ಳೆಯದು.

ಮರಳಿನ ವಿಷಯದಲ್ಲಿ ಒಂದು ಎಚ್ಚರಿಕೆ. ಮರಳು ದುಬಾರಿ ಅಂತ ಅದರ ಜಾಗಕ್ಕೆ ಕೈಗೆ ಸಿಕ್ಕ ಗ್ರಾವೆಲ್ ಹಾಕುವುದನ್ನು ನೋಡಿದ್ದೇನೆ. ಗ್ರಾವೆಲಿನ ಜೇಡಿ ಅಂಶ ನೀರನ್ನು ತಡೆದರೆ ಕೆಳಗೆ ನೆಟ್ಟ ಸಾವಿರಾರು ಪಟ್ಟಿ ದಂಡ. ಬಾಯಿ ಕಟ್ಟಿದ ಕೊಳವೆ ಆಗಿಬಿಡುತ್ತವೆ.

ಬೇರೆ ದಾರಿಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಮೆತ್ತನೆ ಮಣ್ಣು ಎರಡು ಮೂರು ಮೀಟರ್ ಮಾತ್ರ ಇದ್ದರೆ ತೆಗೆದು ಒಳ್ಳೆ ಮಣ್ಣು ತುಂಬಿ, ಅದೇ ವಾಸಿ. ಆಳ ಜಾಸ್ತಿ ಇದ್ದು ಸಮಯ ಕಡಿಮೆ ಇದ್ದರೆ ಜಲ್ಲಿ ಕಂಬ ಇಳಿಸಬಹುದು. ಅಡಿಯಲ್ಲಿ ಜಿಯೋಗ್ರಿಡ್, ಅಂದರೆ ಗಟ್ಟಿ ಪ್ಲಾಸ್ಟಿಕ್ ಬಲೆ, ಹಾಸಬಹುದು. 2013 ರಲ್ಲಿ ಬಂದ, ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 113 ಮಾರ್ಗಸೂಚಿ ಇದಕ್ಕೆಂದೇ ಇದೆ. ಆದರೆ ಜಿಯೋಗ್ರಿಡ್ ಏರಿ ಪಕ್ಕಕ್ಕೆ ಹರಿದು ಹೋಗದಂತೆ ಹಿಡಿಯುತ್ತದೆ, ಕೆಳಗೆ ಕೂರುವುದನ್ನು ನಿಲ್ಲಿಸುವುದಿಲ್ಲ. ಇದು ಗೊತ್ತಿಲ್ಲದೆ 'ಗ್ರಿಡ್ ಹಾಕಿದ್ದೀವಲ್ಲ' ಅಂತ ನೆಮ್ಮದಿಯಾಗಿ ಇರುವವರು ತುಂಬ ಜನ ಇದ್ದಾರೆ. ಭಾರವನ್ನೇ ಕಡಿಮೆ ಮಾಡುವ ದಾರಿಯೂ ಇದೆ. ನಾರ್ವೆಯವರು 1972 ರಲ್ಲೇ ಥರ್ಮಾಕೋಲ್‌ನಂಥ ಇಪಿಎಸ್ ದಿಮ್ಮಿಗಳಿಂದ ರಸ್ತೆಯ ಏರಿ ತುಂಬಿಸಿದರು. ಮಣ್ಣಿಗಿಂತ ಸುಮಾರು ನೂರು ಪಟ್ಟು ಹಗುರ. ಅದಕ್ಕೂ ಹಿಂದೆ ಇಂಗ್ಲೆಂಡಿನ ರೈಲು ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್, 1830 ರಲ್ಲಿ ಶುರುವಾದ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುದಾರಿಯನ್ನು ಚಾಟ್ ಮಾಸ್ ಅನ್ನುವ ಜೌಗು ನೆಲದ ಮೇಲೆ ದಾಟಿಸಿದ್ದು ಗಿಡಗಂಟಿ, ಸೊಪ್ಪುಸದೆಯ ಹೊರೆಗಳನ್ನು ಹಾಸಿ. ಅದರ ಮೇಲೆ ಇವತ್ತಿಗೂ ರೈಲು ಓಡುತ್ತಿದೆ.

ಈಗ ಕಾಯುವ ಮಾತು. ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ, ಅಳೆಯುವುದು. ಮಣ್ಣು ತುಂಬುವ ಮೊದಲೇ ನೆಲದ ಮೇಲೆ ಕಬ್ಬಿಣದ ಚೌಕ ತಟ್ಟೆ ಇಟ್ಟು, ಅದಕ್ಕೆ ನೆಟ್ಟಗೆ ರಾಡು ಬೆಸೆಯುತ್ತೇವೆ. ಏರಿ ಎದ್ದ ಹಾಗೆ ರಾಡನ್ನೂ ಎತ್ತರಿಸುತ್ತಾ ಹೋಗುತ್ತೇವೆ. ರಾಡಿನ ತುದಿಯ ಮಟ್ಟ ಎಷ್ಟು ಇಳಿಯಿತೋ ತಳದ ನೆಲ ಅಷ್ಟು ಕೂತಿದೆ ಅಂತ ಲೆಕ್ಕ. ಎಷ್ಟು ಸರಳ ಅಲ್ವಾ? ಆದರೂ ಸೈಟಿನಲ್ಲಿ ಮೊದಲು ಹಾಳಾಗುವುದು ಇದೇ. ಟಿಪ್ಪರ್ ಹಿಂದಕ್ಕೆ ಬರುವಾಗ ರಾಡು ಬಗ್ಗುತ್ತದೆ. ಬಗ್ಗಿದ ರಾಡನ್ನು ನೆಟ್ಟಗೆ ಮಾಡಿ ಹಳೆ ಲೆಕ್ಕ ಮುಂದುವರಿಸುತ್ತಾರೆ. ಅಲ್ಲಿಗೆ ಲೆಕ್ಕ ಸುಳ್ಳಾಯಿತು. ಗೌಡರ ಗದ್ದೆಯ ಹತ್ತಿರ ಎರಡನೇ ಸಲ ಕಟ್ಟುವಾಗ ನಾವು ರಾಡಿನ ಸುತ್ತ ಕೆಂಪು ಬಣ್ಣ ಬಳಿದ ಡ್ರಮ್ ಇಟ್ಟೆವು, ಅಲ್ಲಿ ಮಣ್ಣನ್ನು ಕೈಯಲ್ಲೇ ತುಂಬಿಸಿ ಗಟ್ಟಿ ಮಾಡಿಸಿದೆವು. ಗದ್ದೆಯ ಕಡೆ ಸಾಲಾಗಿ ಗೂಟ ಹೊಡೆದೆವು. ಗೂಟ ಆಚೆ ಸರಿದರೆ ಅಥವಾ ಮೇಲೆದ್ದರೆ ಅವತ್ತು ಮಣ್ಣು ಹಾಕುವುದು ಬಂದ್. ಗೂಟ ನೋಡಿಕೊಳ್ಳುವ ಕೆಲಸ ಗೌಡರ ಮಗನಿಗೇ ಕೊಟ್ಟೆವು. ದಿನಾ ಬೆಳಿಗ್ಗೆ ಆತ ದಾರ ಕಟ್ಟಿ ನೋಡಿ ಫೋನ್ ಮಾಡುತ್ತಿದ್ದ.

ಅರ್ಧ ಮೀಟರ್ ಏರಿಸುವುದು, ನಿಲ್ಲಿಸುವುದು. ರಾಡಿನ ಇಳಿತ ನಿಧಾನ ಆಗುವ ತನಕ ಕಾಯುವುದು. ಮತ್ತೆ ಅರ್ಧ ಮೀಟರ್. ಒಂದು ಮಳೆಗಾಲ ಪೂರ್ತಿ ಕೈ ಕಟ್ಟಿ ಕೂರಬೇಕಾಯಿತು. ಮೇಲಿನವರಿಂದ ಕಾಗದದ ಮೇಲೆ ಕಾಗದ ಬಂತು. ಆ ಏರಿ ಒಟ್ಟು ಒಂದು ಮೊಳಕ್ಕಿಂತ ಜಾಸ್ತಿ ಕೂತಿತು. ಕೊನೆಯ ತಿಂಗಳಲ್ಲಿ ಇಳಿದದ್ದು 2 ಮಿಲಿಮೀಟರ್. ಆಮೇಲೆ ಜಲ್ಲಿ, ಡಾಂಬರು ಹಾಕಿದೆವು.

ನೆಲ ಕೂರುವುದೇ ತಪ್ಪು ಅಂತ ಭಾವಿಸಬೇಡಿ. ಜಪಾನಿನ ಕನ್ಸಾಯ್ ವಿಮಾನ ನಿಲ್ದಾಣವನ್ನು ಸಮುದ್ರದಲ್ಲಿ ಮಣ್ಣು ತುಂಬಿಸಿ ಕಟ್ಟಿ 1994 ರಲ್ಲಿ ತೆರೆದರು. ತುಂಬಲು ಶುರು ಮಾಡಿದಾಗಿನಿಂದ ಆ ದ್ವೀಪ 11 ಮೀಟರಿಗೂ ಜಾಸ್ತಿ ಕೂತಿದೆ. ವಿಮಾನ ಹಾರುತ್ತಲೇ ಇವೆ. ಕಟ್ಟಡದ ಕಂಬಗಳ ಬುಡಕ್ಕೆ ಜ್ಯಾಕ್ ಇಟ್ಟು, ಯಾವುದು ತಗ್ಗಿದೆಯೋ ಅದನ್ನು ಎತ್ತಿ ಸರಿ ಮಾಡುತ್ತಾರೆ. ತೊಂದರೆ ಬರುವುದು ಒಂದು ಕಡೆ ಕೂತು ಇನ್ನೊಂದು ಕಡೆ ಕೂರದೇ ಇದ್ದಾಗ. ನೀವು ದಿನಾ ಅನುಭವಿಸುವುದೂ ಇದನ್ನೇ. ಸೇತುವೆ ಹತ್ತುವಾಗ ಕಾರು ಒಮ್ಮೆ ದಡ್ ಅನ್ನುತ್ತದೆ, ಇಳಿಯುವಾಗ ಇನ್ನೊಮ್ಮೆ. ಸೇತುವೆ ಬಂಡೆಯ ಮೇಲೆ ನಿಂತಿರುತ್ತದೆ, ಕೂರುವುದಿಲ್ಲ. ಪಕ್ಕದ ಏರಿ ಕೂರುತ್ತದೆ. ಅಲ್ಲಿ ವರ್ಷಕ್ಕೊಮ್ಮೆ ಡಾಂಬರು ಹಾಕಿ ಮಟ್ಟ ಮಾಡಿದರೆ ಭಾರ ಇನ್ನಷ್ಟು ಹೆಚ್ಚುತ್ತದೆ. ಸೇತುವೆ ಕಟ್ಟುವ ಮೊದಲೇ ಆ ಜಾಗಕ್ಕೆ ಮಣ್ಣು ಹೇರಿ ಕೂರಿಸಬೇಕು. ನಮ್ಮಲ್ಲಿ ಬಹಳ ಕಡೆ ಸೇತುವೆ ಮೊದಲು ಮುಗಿಯುತ್ತದೆ, ಅಪ್ರೋಚ್, ಅಂದರೆ ಸೇತುವೆಗೆ ಹತ್ತುವ ಏರಿ, ಕೊನೆಗೆ ಅವಸರದಲ್ಲಿ ಆಗುತ್ತದೆ. ಈ ಕ್ರಮ ಬದಲಾಗಲೇಬೇಕು.

ಮಣ್ಣು ತುಂಬುವುದೇ ಬೇಡ ಅನ್ನುವ ಜಾಗಗಳೂ ಇವೆ. 2025 ರ ಮೇ 19 ರಂದು ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ, ಕಟ್ಟುತ್ತಿದ್ದ ರಾಷ್ಟ್ರೀಯ ಹೆದ್ದಾರಿ 66 ರ ಎತ್ತರದ ಏರಿ ಕುಸಿಯಿತು. ಪಕ್ಕದ ಸರ್ವಿಸ್ ರಸ್ತೆ ಸೀಳಿಹೋಯಿತು. ಅದೂ ಗದ್ದೆಬಯಲೇ. ಅಡಿಯ ಮೆತ್ತನೆ ನೆಲ ಭಾರ ತಾಳಲಿಲ್ಲ. ಆಮೇಲೆ ಅಲ್ಲಿ ಏರಿ ಬಿಟ್ಟು ಕಂಬದ ಮೇಲಿನ ರಸ್ತೆ ಕಟ್ಟುವ ತೀರ್ಮಾನ ಆಯಿತು. ಕಂಬದ ರಸ್ತೆಗೆ ಖರ್ಚು ಜಾಸ್ತಿ ಅಂತ ಮೊದಲು ಬಿಡುತ್ತೇವೆ. ಕುಸಿದ ಮೇಲೆ ಎರಡೂ ಖರ್ಚು ಬೀಳುತ್ತದೆ. ನಾಲ್ಕು ಬೋರ್ ಜಾಸ್ತಿ ಹಾಕಿಸಿದ್ದರೆ ಎಷ್ಟು ಆಗುತ್ತಿತ್ತು?

ಹಿಂದಿನ ಸಾಲಿನಿಂದ ಒಬ್ಬ ರೈತರು ಚೀಟಿ ಕಳಿಸಿದ್ದಾರೆ. ಏರಿ ಬಂದ ಮೇಲೆ ಮೇಲಿನ ಗದ್ದೆಗಳಲ್ಲಿ ನೀರು ನಿಲ್ಲುತ್ತದೆ, ಏನು ಮಾಡಬೇಕು ಅಂತ. ಇದು ಮುಖ್ಯವಾದ ವಿಷಯ. ಗದ್ದೆಬಯಲಿಗೆ ಅಡ್ಡ ಏರಿ ಅಂದರೆ ಅಣೆಕಟ್ಟೇ. ನಕ್ಷೆಯಲ್ಲಿ ಒಂದು ಹಳ್ಳ ಕಂಡರೆ ಅಲ್ಲೊಂದು ಮೋರಿ ಹಾಕುತ್ತೇವೆ. ಆದರೆ ಗದ್ದೆಯಿಂದ ಗದ್ದೆಗೆ ದಾಟುವ ನೀರು ನಕ್ಷೆಯಲ್ಲಿ ಇರುವುದಿಲ್ಲ. ಅದು ನಿಮಗೆ ಮಾತ್ರ ಗೊತ್ತು. ಇನ್ನೊಂದು ವಿಷಯ, ಏರಿಯ ಜೊತೆ ಮೋರಿಯೂ ಕೂರುತ್ತದೆ. ಏರಿ ಎತ್ತರ ಇರುವ ನಡುಭಾಗದಲ್ಲಿ ಜಾಸ್ತಿ ಕೂರುತ್ತದೆ, ಎರಡು ತುದಿಯಲ್ಲಿ ಕಡಿಮೆ. ಕಟ್ಟಿದಾಗ ಮಟ್ಟವಾಗಿದ್ದ ಮೋರಿ ಎರಡು ವರ್ಷಕ್ಕೆ ಬಾಣಲೆಯಂತಾಗಿ ನಡುವೆ ಹೂಳು ತುಂಬುತ್ತದೆ. ಅದಕ್ಕೆ ಕಟ್ಟುವಾಗಲೇ ನಡುಭಾಗವನ್ನು ಲೆಕ್ಕ ಹಾಕಿ ಸ್ವಲ್ಪ ಎತ್ತರಿಸಿ ಇಡಬೇಕು, ಇಲ್ಲವೇ ಮಣ್ಣು ಹೇರಿ ನೆಲ ಕೂರಿಸಿ, ಆಮೇಲೆ ಅಗೆದು ಮೋರಿ ಕಟ್ಟಬೇಕು. ನೀವು ಮಾಡಬೇಕಾದ್ದು ಇಷ್ಟು. ಸರ್ವೆಯವರು ಕಲ್ಲು ನೆಡಲು ಬಂದ ದಿನವೇ, ಮಳೆಗಾಲದಲ್ಲಿ ನೀರು ಯಾವ ಬದದ ಯಾವ ಬಾಯಿಂದ ದಾಟುತ್ತದೆ ಅಂತ ಗೂಟ ಹೊಡೆದು ತೋರಿಸಿ. ಅದನ್ನು ಅರ್ಜಿಯಲ್ಲಿ ಬರೆದು ಕೊಟ್ಟು, ಸೀಲು ಹಾಕಿದ ಪ್ರತಿ ಇಸಿದುಕೊಳ್ಳಿ. ಎಲ್ಲಿ ಎತ್ತು ಹೂತಿತ್ತು ಅನ್ನುವುದನ್ನೂ ಅದೇ ಅರ್ಜಿಯಲ್ಲಿ ಸೇರಿಸಿ.